ಮೂರು ಪೀಟರ್‌ಗಳ ಊರಿನಲ್ಲಿ ಮನೆ ನೋಡಿದ್ದು

ಇಂದಿರಾನಗರ

ಇಟಲಿಗೆ ಹೋಗಿ ಬಂದವರು ವಾಲಿದ ಗೋಪುರದ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅದಿಲ್ಲ. ಹನ್ನೆರಡು ದಿನ ಆ ದೇಶದಲ್ಲಿದ್ದೂ ವಾಲಿದ ಗೋಪುರವನ್ನಾಗಲಿ, ನೀರಿನ ಮೇಲಿನ ಪಟ್ಟಣವನ್ನಾಗಲಿ, ಪೋಪರ ಅರಮನೆಯನ್ನಾಗಲಿ ನೋಡದೆ ವಾಪಸು ಬಂದ ಬೆಂಗಳೂರಿನವಳು ಬಹುಶಃ ನಾನೊಬ್ಬಳೇ. ನಾನು ಹೋದದ್ದು ಗಂಡಿನ ಮನೆ ನೋಡುವುದಕ್ಕೆ.

ಯೂರೋ ನೋಟುಗಳು ಇನ್ನೂ ಗರಿಗರಿಯಾಗಿದ್ದ ಕಾಲ ಅದು. ನನ್ನ ಅಣ್ಣ ಶ್ರೀನಿವಾಸನ ಮಗಳು ಚೈತ್ರ ಕೃಷಿ ವಿಜ್ಞಾನ ಓದಿ, ಸೇಬಿನ ಗಿಡಕ್ಕೆ ತಗಲುವ ರೋಗಗಳ ಬಗ್ಗೆ ಸಂಶೋಧನೆ ಮಾಡುವುದಕ್ಕೆ ಇಟಲಿಯ ಉತ್ತರದ ತುದಿಗೆ ಹೋಗಿದ್ದಳು. ಎರಡು ವರ್ಷ ಸೇಬಿನ ರೋಗ ಹುಡುಕಿದಳು. ಮೂರನೆಯ ವರ್ಷ ಅದೇ ಪ್ರಯೋಗಾಲಯದ ಪೀಟರ್ ಪಿಖ್ಲರ್ ಎಂಬ ಹುಡುಗನನ್ನು ಹುಡುಕಿಕೊಂಡಳು. ಫೋನಿನಲ್ಲಿ ವಿಷಯ ಕೇಳಿದ ಅಣ್ಣ ನಮ್ಮ ಕಾಲೋನಿಗೆ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟು ತೆಗೆಯದೆಯೇ ಹೇಳಿದ:

"ಹುಡುಗ ಬಿಳಿಯೋನು ಅಂತ ನನ್ನ ತಕರಾರಿಲ್ಲ ವನಜ. ಆದ್ರೆ ಮನೆ ನೋಡ್ದೆ ಹೆಣ್ಣು ಕೊಟ್ಟ ವಂಶ ಅಲ್ಲ ನಮ್ದು. ನೀನು ಹೋಗಿ ನೋಡ್ಕೊಂಡು ಬಾ."

ಅಣ್ಣ ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ಇನ್ಸ್‌ಪೆಕ್ಟರು. ವಿಮಾನದ ಬಿಡಿಭಾಗಗಳನ್ನು ಯಾರು ಪರೀಕ್ಷೆ ಮಾಡಿ ಪಾಸು ಮಾಡಿದರು ಎಂದು ಗೊತ್ತಾಗದೆ ವಿಮಾನ ಹತ್ತುವವನಲ್ಲ. ನಾನಾದರೋ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕೂತವಳು. ಸತ್ತವರು ನಿಜವಾಗಿ ಸತ್ತಿದ್ದಾರೆಯೇ ಎಂದು ವಿಚಾರಿಸಿ ಬರೆಯುವುದು ನನ್ನ ಕೆಲಸ. ಐವತ್ತೆರಡು ವರ್ಷ, ಮದುವೆಯಾಗಿಲ್ಲ, ಬಾಯಿ ಸ್ವಲ್ಪ ಜೋರು. ಏಜೆಂಟರು ನನ್ನನ್ನು ಕಂಡರೆ ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲಿ ಹೋಗುತ್ತಾರೆ. ಇಂಥವಳು ನೋಡಿ ಬಂದ ಮನೆಯನ್ನು ಮತ್ತೊಬ್ಬರು ನೋಡಬೇಕಾಗಿಲ್ಲ ಎಂಬುದು ಅಣ್ಣನ ನಂಬಿಕೆ. ಹೇಳಬೇಕೆಂದರೆ ನನ್ನದೂ.

"ನೀನು ಹ್ಞೂಂ ಅಂದ್ರೆ ಹ್ಞೂಂ, ಊಹ್ಞೂಂ ಅಂದ್ರೆ ಊಹ್ಞೂಂ. ಎರಡನೇ ಸಲ ಕೇಳೋದಿಲ್ಲ" ಎಂದು ಅಣ್ಣ ಹನ್ನೊಂದು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟ. ಜೊತೆಗೆ ಅತ್ತಿಗೆ ಕಮಲಳನ್ನೂ ಕಳಿಸಿದ. ಅತ್ತಿಗೆ ಚೈತ್ರಳ ತಾಯಿ. ಸಾರಿನ ಪುಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಏಳು ಸಮುದ್ರ ದಾಟಬಲ್ಲ ಹೆಂಗಸು.

ವೆರೋನಾದಿಂದ ಮೇಲಕ್ಕೆ

ವೆರೋನಾದಲ್ಲಿ ರೈಲು ಹತ್ತಿದಾಗ ಬಯಲು ಇತ್ತು. ಗಂಟೆ ಕಳೆಯುವುದರೊಳಗೆ ಎರಡೂ ಕಡೆಯಿಂದ ಬೆಟ್ಟಗಳು ಒತ್ತಿಕೊಂಡು ಬಂದು, ಮಧ್ಯದಲ್ಲಿ ಒಂದು ನದಿಗೆ, ಒಂದು ರಸ್ತೆಗೆ, ಒಂದು ರೈಲಿಗೆ ಮಾತ್ರ ಜಾಗ ಬಿಟ್ಟವು. ಉಳಿದ ಜಾಗದಲ್ಲೆಲ್ಲ ದ್ರಾಕ್ಷಿ. ಆಮೇಲೆ ಸೇಬು, ಬರೀ ಸೇಬು. ಗಿಡಗಳು ನಮ್ಮ ಶಾಲೆಯ ಪ್ರಾರ್ಥನೆಯ ಮಕ್ಕಳ ಹಾಗೆ ಸಾಲು ತಪ್ಪದೆ ನಿಂತಿದ್ದವು.

ಒಂದು ಕಡೆಯಿಂದಾಚೆಗೆ ನಿಲ್ದಾಣದ ಬೋರ್ಡುಗಳಲ್ಲಿ ಎರಡೆರಡು ಹೆಸರು ಶುರುವಾದವು. ಸಲೋರ್ನೊ, ಸಲೂರ್ನ್. ಓರಾ, ಔವರ್. ಅತ್ತಿಗೆ ಗಾಬರಿಯಾದಳು. ನಾನು ಆಗಲಿಲ್ಲ. ಕಂಟೋನ್ಮೆಂಟಿನ ಕಡೆ ಹುಟ್ಟಿ ಬೆಳೆದವರಿಗೆ ಊರಿಗೆ ಎರಡು ಹೆಸರು ಇರುವುದು ಹೊಸತೇನಲ್ಲ. ಒಂದು ಹೆಸರು ಬೋರ್ಡಿಗೆ, ಒಂದು ಬಾಯಿಗೆ. ಪುಲಕೇಶಿನಗರ ಎಂದು ಬರೆದ ಬಸ್ಸು ಹತ್ತಿ ಫ್ರೇಜರ್ ಟೌನ್ ಎಂದು ಟಿಕೆಟು ಕೇಳುತ್ತೇವೆ. ರೈಲ್ವೆಯವರು ಬೆಂಗಳೂರು ದಂಡು ಎಂದು ಬರೆದ ಸ್ಟೇಷನ್ನಿಗೆ ಆಟೋದವನು ಕಂಟೋನ್ಮೆಂಟು ಎನ್ನದಿದ್ದರೆ ಬರುವುದೇ ಇಲ್ಲ. ಹಾಗಾಗಿ ಇಲ್ಲಿಯೂ ಒಂದು ಹಳೆಯ ಹೆಸರು, ಒಂದು ಹೊಸ ಹೆಸರು, ಹಳೆಯದನ್ನು ಹೇಳಿದರೆ ಜನ ಖುಷಿಪಡುತ್ತಾರೆ ಎಂದು ತೀರ್ಮಾನಿಸಿ, ಎದುರು ಕೂತಿದ್ದ ಹೆಂಗಸನ್ನು ಇಂಗ್ಲಿಷಿನಲ್ಲಿ ಕೇಳಿದೆ: "ನಾವು ಹೋಗುವ ಬೋಲ್ಜಾನೊಗೆ ಬೋಝೆನ್ ಅಂತಾನೂ ಇದೆಯಲ್ಲ, ಅದು ಹಳೆಯ ಹೆಸರಾ?"

ಆಕೆ ಹೆಣಿಗೆ ನಿಲ್ಲಿಸಿದಳು. "ಹಳೆಯದು ಅಲ್ಲ. ಅದೇ ಹೆಸರು" ಎಂದಳು.

ಕಿಟಕಿಯ ಪಕ್ಕದ ಮೀಸೆಯ ಮನುಷ್ಯ ಪತ್ರಿಕೆ ಇಳಿಸಿದ. "ಕ್ಷಮಿಸಿ, ಹೆಸರು ಬೋಲ್ಜಾನೊ" ಎಂದ.

ಅಲ್ಲಿಂದ ಮುಂದಿನ ಮೂರು ನಿಲ್ದಾಣದವರೆಗೆ ಇಬ್ಬರೂ ಬಹಳ ಮರ್ಯಾದೆಯಿಂದ, ಪರಸ್ಪರ ಮುಖ ನೋಡದೆ, ನನಗೆ ಪಾಠ ಮಾಡಿದರು. ಅವನು ರೋಮನ್ನರಿಂದ ಶುರು ಮಾಡಿದ. ಅವಳು ವಿಯೆನ್ನಾದ ಚಕ್ರವರ್ತಿಯಿಂದ ಶುರು ಮಾಡಿದಳು. ಇಳಿಯುವಾಗ ನಾನು ಇಬ್ಬರಿಗೂ ಥ್ಯಾಂಕ್ಸ್ ಹೇಳಿದೆ, ಅವಳು ಹೆಣಿಗೆ ಎತ್ತಿಕೊಂಡಳು, ಅವನು ಪತ್ರಿಕೆ ಬಿಡಿಸಿದ. ಅತ್ತಿಗೆ ಹೇಳಿದಳು: "ವನಜ, ಊರು ಸೇರೋ ಮುಂಚೆನೇ ಜಗಳ ಹಚ್ಚಿಬಿಟ್ಯಲ್ಲೇ."

ಬೋಲ್ಜಾನೊ, ಬೋಝೆನ್ ಎಂದೂ ಓದಿಕೊಳ್ಳಬಹುದು

ಚೈತ್ರಳ ಜೊತೆ ಪೀಟರ್ ಸ್ಟೇಷನ್ನಿಗೆ ಬಂದಿದ್ದ. ಆರಡಿ ಮೂರಂಗುಲ, ಕಿವಿ ಮಾತ್ರ ಕೆಂಪು. ಬೆಳಿಗ್ಗೆ ಒಂಬತ್ತು ಗಂಟೆಗೆ ಕೈಮುಗಿದು "ನಮಸ್ಕಾರ, ಊಟ ಆಯ್ತಾ" ಎಂದ. ಅತ್ತಿಗೆ ಅಲ್ಲೇ ಅರ್ಧ ಕರಗಿಹೋದಳು. ನಾನು ಕರಗುವವಳಲ್ಲ. ಟ್ಯಾಕ್ಸಿಯಲ್ಲಿ ಅವನು ತಾಯಿಗೆ ಫೋನು ಮಾಡಿ ಮಾತಾಡಿದ್ದನ್ನು ಗಮನವಿಟ್ಟು ಕೇಳಿದೆ. ಅದು ಇಟಾಲಿಯನ್ ಅಲ್ಲವೇ ಅಲ್ಲ, ಪ್ರತಿ ಮಾತಿನಲ್ಲೂ ಗಂಟಲು ಸರಿಮಾಡಿಕೊಂಡ ಹಾಗಿತ್ತು.

ಸಂಜೆ ಪೀಟರ್ ಹೋದ ಮೇಲೆ, ಚೈತ್ರಳ ಪುಟ್ಟ ಮನೆಯಲ್ಲಿ ಸಾರು ಕುದಿಯುತ್ತಿರುವಾಗ ಅವಳನ್ನು ಹಿಡಿದುಕೊಂಡೆ. "ಇಟಲಿಯೋನು ಅಂದೆ. ಮನೇಲಿ ಜರ್ಮನ್ ಮಾತಾಡ್ತಾನೆ. ಇದೇನು?"

ಚೈತ್ರ ನಕ್ಕು ಕಥೆ ಹೇಳಿದಳು. ಇದು ನೂರಾರು ವರ್ಷ ಆಸ್ಟ್ರಿಯಾದ ಚಕ್ರವರ್ತಿಯ ಸೀಮೆಯಾಗಿತ್ತಂತೆ. ಮೊದಲ ಮಹಾಯುದ್ಧದಲ್ಲಿ ಚಕ್ರವರ್ತಿ ಸೋತ, ಸೀಮೆ ಇಟಲಿಯ ಪಾಲಾಯಿತು. ಆಮೇಲೆ ಬಂದ ಕರಿಯಂಗಿಯ ಸರ್ವಾಧಿಕಾರಿಗೆ ಜರ್ಮನ್ ಹೆಸರುಗಳು ಕಣ್ಣಿಗೆ ಆಗದೆ, ಒಬ್ಬ ಪಂಡಿತನು ಮೊದಲೇ ಮಾಡಿಟ್ಟಿದ್ದ ಪಟ್ಟಿಯನ್ನು ತೆಗೆದು ಬೆಟ್ಟ, ಹಳ್ಳ, ಹಳ್ಳಿ, ಎಲ್ಲಕ್ಕೂ ಇಟಾಲಿಯನ್ ಹೆಸರು ಹಚ್ಚಿದ. ಸಾವಿರಾರು ಹೆಸರು. ಗೋರಿಯ ಮೇಲೆ ಕೂಡ ಜರ್ಮನ್ ಬರೆಯುವ ಹಾಗಿರಲಿಲ್ಲ. ಈಗ ರಾಜಿಯಾಗಿದೆ, ಎರಡೂ ಹೆಸರು ಬರೆಯುತ್ತಾರೆ. ಕೆಲವು ಕಣಿವೆಗಳಲ್ಲಿ ಲದೀನ್ ಎಂಬ ಮೂರನೆಯ ಭಾಷೆ ಇದೆ, ಅಲ್ಲಿ ಮೂರು ಹೆಸರು. ಸೀಮೆಗೇ ಎರಡು ಹೆಸರು: ಇಟಾಲಿಯನ್ನರಿಗೆ ಅದು ಆಲ್ತೊ ಆದಿಜೆ, ಎಂದರೆ ಆದಿಜೆ ನದಿಯ ಮೇಲ್ಭಾಗ. ಜರ್ಮನ್ನರಿಗೆ ಸ್ಯೂಡ್‌ಟಿರೋಲ್, ಎಂದರೆ ದಕ್ಷಿಣ ಟಿರೋಲ್. ಕೆಳಗಿನಿಂದ ನೋಡಿದವರಿಗೆ ಅದು ಮೇಲು, ಮೇಲಿನಿಂದ ನೋಡಿದವರಿಗೆ ಕೆಳಗು. ನೆಲ ಮಾತ್ರ ಇದ್ದಲ್ಲೇ ಇದೆ.

"ಹಂಗಾದ್ರೆ ಇವ್ನು ಯಾವ ದೇಶದೋನೇ?" ಅತ್ತಿಗೆ ಕೇಳಿದಳು.

"ಪಾಸ್‌ಪೋರ್ಟ್ ಇಟಲಿದು, ಬೈಗುಳ ಜರ್ಮನ್ದು ಅಮ್ಮ."

ಸರಿಯಾಗಿ ಯೋಚಿಸಿದ್ದರೆ ನನಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಹಲಸೂರಿನ ನಮ್ಮ ಹಳೆಯ ಮನೆಯಲ್ಲಿ ದೇವರ ಮುಂದೆ ಕನ್ನಡ, ತರಕಾರಿಯವಳ ಹತ್ತಿರ ತಮಿಳು, ಜಟಕಾದವನ ಹತ್ತಿರ ಉರ್ದು, ಅಪ್ಪನಿಗೆ ಕೋಪ ಬಂದಾಗ ಇಂಗ್ಲಿಷು. ಆದರೂ ಬೇರೆಯವರ ಮನೆಯ ಗೊಂದಲ ಅನುಮಾನಾಸ್ಪದವಾಗಿ ಕಾಣುತ್ತದೆ. ಭಾನುವಾರ ಪೀಟರನ ಮನೆಗೆ ಎಲ್ಲರೂ ಹೋಗುವುದೆಂದು ಗೊತ್ತಾಗಿತ್ತು. ಆದರೆ ಹೇಳಿ ಹೋದರೆ ಯಾರ ಮನೆ ತಾನೇ ಚೆನ್ನಾಗಿರುವುದಿಲ್ಲ? ನಮ್ಮ ಕಡೆ ಮನೆ ನೋಡುವುದಕ್ಕೆ ಮುಂಚೆ ಅಕ್ಕಪಕ್ಕ ವಿಚಾರಿಸುತ್ತೇವೆ, ಅದೂ ಆ ಮನೆಯವರಿಗೆ ಗೊತ್ತಾಗದ ಹಾಗೆ. ಬೀದಿಯ ಅಂಗಡಿಗೆ ಹೋಗಿ ಅರ್ಧ ಕಿಲೊ ಸಕ್ಕರೆ ಕಟ್ಟಿಸುತ್ತಾ, "ಆ ಹಳದಿ ಮನೆಯೋರು ಹೆಂಗೆ?" ಎಂದು ಗಾಳಿಗೆ ಬಿಟ್ಟ ಹಾಗೆ ಕೇಳುವುದು. ಇಸ್ತ್ರಿಯವನು ಸಿಕ್ಕಿದರೆ ಇನ್ನೂ ಒಳ್ಳೆಯದು, ಅವನಿಗೆ ಮನೆಯ ಬಟ್ಟೆಯೂ ಗೊತ್ತು, ಬಂಡವಾಳವೂ ಗೊತ್ತು.

"ಶುಕ್ರವಾರ ಚೈತ್ರ ಲ್ಯಾಬಿಗೆ ಹೋಗ್ತಾಳೆ. ನಾವಿಬ್ರೂ ಆ ಊರಿಗೆ ಹೋಗ್ಬರೋಣ" ಎಂದೆ. ಅತ್ತಿಗೆ ತಕ್ಷಣ ಒಪ್ಪಿದಳು.

ಶುಕ್ರವಾರ, ಮಿಟರ್‌ಬಾಖ್

ಊರಿನ ಹೆಸರು ಮಿಟರ್‌ಬಾಖ್. ಕನ್ನಡದಲ್ಲಿ ನಡುಹಳ್ಳ ಎನ್ನಬಹುದು. ಬಸ್ಸಿನಲ್ಲಿ ಕೂತು, ರಿಯೋ ದಿ ಮೆಝ್ಝೊ ಎಂಬ ಚೆಂದದ ಹಳ್ಳಿಯನ್ನು ಕಿಟಕಿಯಿಂದ ಮೆಚ್ಚಿಕೊಂಡು, ಮಿಟರ್‌ಬಾಖಿಗಾಗಿ ಕಾಯುತ್ತಾ ಕಣಿವೆಯ ಕೊನೆಯವರೆಗೆ ಹೋದೆವು. ಅಲ್ಲಿ ಡ್ರೈವರು ಎಂಜಿನ್ನು ನಿಲ್ಲಿಸಿ ನಮ್ಮನ್ನು ನೋಡಿದ. ರಿಯೋ ದಿ ಮೆಝ್ಝೊ ಎಂದರೂ ನಡುಹಳ್ಳವೇ, ಎರಡೂ ಒಂದೇ ಊರು ಎಂದು ಕೈಬೆರಳು ಎರಡು ಸೇರಿಸಿ ತೋರಿಸಿದ. ಬೋರ್ಡಿಗೆ ಒಂದು, ಬಾಯಿಗೆ ಒಂದು ಎಂದು ಪಾಠ ಹೇಳಿದವಳೇ ಬೋರ್ಡಿನ ಒಂದೇ ಸಾಲು ಓದಿ, ಮೆಚ್ಚಿಕೊಂಡು ಮುಂದೆ ಹೋಗಿದ್ದೆ. ಅದೇ ಬಸ್ಸಿನಲ್ಲಿ ವಾಪಸು ಬಂದೆವು.

ಇಳಿದ ಜಾಗದಲ್ಲಿ ಒಂದು ಚರ್ಚು, ಒಂದು ಬ್ರೆಡ್ಡಿನ ಅಂಗಡಿ, ಬೆಟ್ಟದ ಮೇಲಕ್ಕೆ ಚದುರಿದ ಮನೆಗಳು. ಎದುರಾದವರೆಲ್ಲ "ಗ್ರ್ಯೂಸ್ ಗೋಟ್" ಎಂದು ದೇವರ ಹೆಸರಿನಲ್ಲಿ ನಮಸ್ಕಾರ ಮಾಡಿದರು. ಇಸ್ತ್ರಿ ಗಾಡಿ ಇರಲಿಲ್ಲ. ಹಾಗಾಗಿ ಅಂಗಡಿಗೆ ಹೋಗಿ ಒಂದು ದೊಡ್ಡ ಬ್ರೆಡ್ಡು ಕೇಳಿ, ಅದನ್ನು ಸುತ್ತುತ್ತಿರುವಾಗ, ಬಹಳ ಸಹಜವಾಗಿ, "ಇಲ್ಲಿ ಪೀಟರ್ ಪಿಖ್ಲರ್ ಅನ್ನೋರು ಹೇಗೆ?" ಎಂದೆ.

ಅಂಗಡಿಯ ಹೆಂಗಸಿಗೆ ಸಾಕಷ್ಟು ಇಂಗ್ಲಿಷು ಬರುತ್ತಿತ್ತು. "ಯಾವ ಪೀಟರ್ ಪಿಖ್ಲರ್? ಮೂರು ಜನ ಇದ್ದಾರೆ."

ಅಲ್ಲಿ ಅರ್ಧ ಊರಿನ ಮನೆತನದ ಹೆಸರು ಪಿಖ್ಲರ್. ಆದ್ದರಿಂದ ಯಾರೂ ಯಾರನ್ನೂ ಆ ಹೆಸರಿನಿಂದ ಕರೆಯುವುದಿಲ್ಲ, ಮನೆಯ ಹೆಸರಿನಿಂದ ಕರೆಯುತ್ತಾರೆ. ಮೇಲ್ಮನೆ ಪೀಟರ್, ಕೆಳಮನೆ ಪೀಟರ್, ಗಿರಣಿಮನೆ ಪೀಟರ್. ಇದನ್ನು ಆಕೆ ವಿವರಿಸಿ, ಯಾವ ಮನೆ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಇಪ್ಪತ್ತೇಳು ವರ್ಷದ ಅನುಭವ: ವಿಚಾರಣೆಗೆ ಹೋದವರು ತಮಗೆ ಗೊತ್ತಿಲ್ಲವೆಂದು ತೋರಿಸಿಕೊಂಡರೆ ಎದುರಿನವರು ಹುಷಾರಾಗುತ್ತಾರೆ. "ಇಲ್ಲೇ, ಹತ್ತಿರದ್ದು" ಎಂದೆ, ದಿನಾ ಓಡಾಡುವವಳ ಹಾಗೆ.

"ಓ, ಕೆಳಮನೆ" ಎಂದಳು ಆಕೆ. ಅವಳ ಮುಖ ಯಾಕೋ ಸಣ್ಣಗಾಯಿತು. "ನಿಮಗೆ ಅವನ ಹತ್ತಿರ ಏನು ಕೆಲಸ?"

"ಸುಮ್ನೆ" ಎಂದೆ. ಅತ್ತಿಗೆ ಅಷ್ಟರಲ್ಲಿ ಬ್ಯಾಗಿನಿಂದ ಅಣ್ಣನ ಪಟ್ಟಿ ತೆಗೆದು ನನ್ನ ಕೈಗಿಟ್ಟಿದ್ದಳು. ಪಟ್ಟಿ ನೋಡುತ್ತಾ ಸುಮ್ಮನೆ ಕೇಳಿದೆ: ಕುಡಿತ ಇದೆಯಾ, ಮೊದಲೊಂದು ಮದುವೆ ಆಗಿತ್ತಾ, ಅಣ್ಣತಮ್ಮಂದಿರಲ್ಲಿ ಹೊಂದಾಣಿಕೆ ಹೇಗೆ. ಆಕೆ ಬ್ರೆಡ್ಡು ಕೊಟ್ಟು, "ನೀವೇ ಹೋಗಿ ನೋಡಿ" ಎಂದು ಕೈ ತೋರಿಸಿದಳು.

ಕೆಳಮನೆಯ ಕಿಟಕಿಯ ಹೂಗಳು ಒಣಗಿದ್ದವು. ಅಂಗಳದಲ್ಲಿ ಟ್ರಾಕ್ಟರಿನ ಮೇಲೆ ಐವತ್ತೈದರ ಆಸುಪಾಸಿನ ಗಡ್ಡದ ಗಂಡಸೊಬ್ಬ, ಕೈಯಲ್ಲಿ ಬಾಟಲಿ ಹಿಡಿದು ನಿದ್ದೆ ಹೋಗಿದ್ದ. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದ ಮುದುಕನಿಗೆ ಒಂದೇ ಒಂದು ಇಂಗ್ಲಿಷ್ ಪದವೂ ಬರುತ್ತಿರಲಿಲ್ಲ. ಆದರೆ "ಪೀಟರ್?" ಎಂದು ಕೇಳಿದ್ದೇ ತಡ, ಕುಡುಗೋಲು ಒರಗಿಸಿ ಕೈಯಲ್ಲೇ ಎಲ್ಲ ಹೇಳಿದ. ಹೆಬ್ಬೆರಳು ಬಾಯಿಗೆ: ಕುಡಿತ. ಎರಡು ಮುಷ್ಟಿ ಗುದ್ದಾಟ, ಆಮೇಲೆ ನೀರಿನ ಕಾಲುವೆಯ ಕಡೆ ಬೆರಳು: ತಮ್ಮನ ಜೊತೆ ಜಗಳ, ನೀರಿಗಾಗಿ. ಕೊನೆಗೆ ಬೆರಳಿನಿಂದ ಉಂಗುರ ಕಿತ್ತು ಹಾಕಿ, ಸೊಂಟ ಬಳುಕಿಸುತ್ತಾ ನಾಲ್ಕು ಹೆಜ್ಜೆ ನಡೆದು ತೋರಿಸಿದ: ಹೆಂಡತಿ ಬಿಟ್ಟುಹೋದಳು. ಕನ್ನಡದಲ್ಲಿ ಹೇಳಿದ್ದರೂ ಇಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ.

"ಇವ್ರೇ ಬೀಗರಾ?" ಅತ್ತಿಗೆ ಕೇಳಿದಳು.

"ಅಪ್ಪನ ಹೆಸರೇ ಮಗನಿಗೆ ಇಟ್ಟಿದ್ದಾರೆ" ಎಂದೆ. ಎಲ್ಲ ತಾಳೆಯಾಗಿತ್ತು. ತಾಳೆಯಾಗುವುದರಲ್ಲಿ ನನಗೆ ಎಂಥ ಸಂತೋಷ ಎನ್ನುವುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅತ್ತಿಗೆ ಬಸ್‌ಸ್ಟಾಪಿನಲ್ಲಿ ಬ್ರೆಡ್ಡು ತಬ್ಬಿಕೊಂಡು ಅತ್ತಳು. ನಾನು ಪಕ್ಕದ ಫೋನ್ ಬೂತಿಗೆ ಹೋದೆ. ಅಣ್ಣ ಎರಡು ದಿನದಿಂದ ರಜೆ ಹಾಕಿ ಫೋನಿನ ಪಕ್ಕದಲ್ಲೇ ಕೂತಿದ್ದ.

"ಬೇಡ ಅಣ್ಣ" ಎಂದೆ. "ಕುಡುಕರ ಮನೆ."

"ಸರಿ. ಮುಗೀತು" ಎಂದು ಅಣ್ಣ ಫೋನು ಇಟ್ಟ.

ಸಾರಿಗೆ ಉಪ್ಪು ಹೆಚ್ಚಾದ ದಿನ

ಚೈತ್ರಳಿಗೆ ನಿಧಾನವಾಗಿ ಹೇಳಬೇಕೆಂದು ಬಸ್ಸಿನಲ್ಲಿ ಮಾತಾಡಿಕೊಂಡಿದ್ದೆವು. ಆದರೆ ಅತ್ತಿಗೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಮೊದಲ ತುತ್ತಿಗೇ ಅತ್ತು, ಎಲ್ಲ ಹೇಳಿಬಿಟ್ಟಳು.

ಚೈತ್ರ ತಟ್ಟೆ ಸರಿಸಿದಳು. "ಹೂವು ಒಣಗಿತ್ತಾ? ಟ್ರಾಕ್ಟರ್ ಮೇಲೆ ಮಲಗಿದ್ರಾ? ಅತ್ತೆ, ಅದು ಕೆಳಮನೆ ಪೀಟರ್! ಇವ್ರಿಗೂ ಅವ್ರಿಗೂ ಸಂಬಂಧಾನೇ ಇಲ್ಲ. ನನ್ನ ಪೀಟರ್ ಮೇಲ್ಮನೆಯೋನು. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಹುಡುಗಿಯನ್ನು ಕೇಳಿ ಹುಡುಗನ ವಿಚಾರಣೆ ಮಾಡುವುದುಂಟೇ ಎಂದು ಬಾಯಿಗೆ ಬಂತು. ಆಡಲಿಲ್ಲ.

ಅವಳು ಅಪ್ಪನಿಗೆ ಫೋನು ಮಾಡಿದಳು. "ನಿಮ್ಮತ್ತೆ ಕಣ್ಣಾರೆ ನೋಡಿ ಬಂದಿದ್ದಾಳೆ" ಎಂದು ಅಣ್ಣ ಇಟ್ಟ. ಅತ್ತಿಗೆ ಮಾಡಿದಳು. "ವನಜ ತಪ್ಪು ಮಾಡೋಳಲ್ಲ" ಎಂದು ಮತ್ತೆ ಇಟ್ಟ. ಇನ್ನು ಉಳಿದವಳು ನಾನು. ಇಬ್ಬರೂ ನನ್ನನ್ನೇ ನೋಡಿದರು.

"ಭಾನುವಾರ ಮನೆ ನೋಡಿಬಿಟ್ಟು ಮಾಡ್ತೀನಿ" ಎಂದೆ.

ನಿಜ ಹೇಳುತ್ತೇನೆ. ನಾನು ತಪ್ಪು ಮಾಡಿದೆ ಎಂಬ ಮೂರು ಪದ ನನ್ನ ಬಾಯಿಂದ ಅದುವರೆಗೆ ಯಾವ ಭಾಷೆಯಲ್ಲೂ ಬಂದಿರಲಿಲ್ಲ, ಅದಕ್ಕೇ ಮುಂದೆ ಹಾಕಿದೆ. ಶನಿವಾರವಿಡೀ ಚೈತ್ರ ನನ್ನ ಹತ್ತಿರ ಮಾತಾಡಲಿಲ್ಲ. ಮಲಗುವ ಮುಂಚೆ ಮಾತ್ರ ಬಾಗಿಲಲ್ಲಿ ನಿಂತು ಹೇಳಿದಳು: "ಅಪ್ಪ ಬೇಡ ಅಂದ್ರೆ ನಾನು ಓಡಿಹೋಗೋಳಲ್ಲ ಅತ್ತೆ. ಆದ್ರೆ ಬೇರೆ ಯಾರನ್ನೂ ಆಗೋದೂ ಇಲ್ಲ. ನಿಮ್ ಥರಾನೇ ಇದ್ಬಿಡ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಭಾನುವಾರ, ಮತ್ತೆ ಅದೇ ಊರು

ಚೈತ್ರ, ಪೀಟರ್ ಜೊತೆ ನಾವು ಬಸ್ಸು ಇಳಿಯುವಾಗ ಚರ್ಚು ಬಿಟ್ಟಿತ್ತು, ಊರಿಗೆ ಊರೇ ಅಂಗಳದಲ್ಲಿತ್ತು. ಶುಕ್ರವಾರ ನಮಸ್ಕಾರ ಮಾತ್ರ ಮಾಡಿದ್ದವರು ಇವತ್ತು ನಗುತ್ತಾ ನಮಸ್ಕಾರ ಮಾಡಿದರು. ಸೀರೆ ಉಟ್ಟ ಇಬ್ಬರು ಹೆಂಗಸರು ಕೆಳಮನೆ ಪೀಟರನ ಕುಡಿತ, ಮದುವೆ, ಮನೆತನವನ್ನು ವಿಚಾರಿಸಿಕೊಂಡು ಹೋದದ್ದು ಬ್ರೆಡ್ಡಿನ ಜೊತೆಗೆ ಮನೆಮನೆಗೂ ತಲುಪಿತ್ತು. ಯಾವ ದೇಶದಲ್ಲಾದರೂ ಅದಕ್ಕೆ ಇರುವ ಅರ್ಥ ಒಂದೇ.

ಗುಂಪಿನಿಂದ ಒಬ್ಬ ಮುಂದೆ ಬಂದ. ಗಡ್ಡ ಬೋಳಿಸಿದ್ದ, ಗಲ್ಲದ ಮೇಲೆ ಎರಡು ಕಡೆ ಕೊಯ್ದುಕೊಂಡು ಹತ್ತಿ ಅಂಟಿಸಿದ್ದ. ಹಸಿರು ಕೋಟು, ಅದರ ಗುಂಡಿ ಹೊಟ್ಟೆಯ ಮೇಲೆ ಉಸಿರು ಬಿಗಿಹಿಡಿದಿತ್ತು. ಕೈಯಲ್ಲಿ ಬೇರೆಯವರ ಕಿಟಕಿಯಿಂದ ಕಿತ್ತಂತೆ ಕಾಣುವ ಕೆಂಪು ಹೂಗಳು. ಕೆಳಮನೆ ಪೀಟರ್! ಅತ್ತಿಗೆಯನ್ನು ನೋಡಿದ, ಅವಳ ತಾಳಿ ನೋಡಿದ, ಯಾರೋ ಹೇಳಿಕೊಟ್ಟಿರಬೇಕು. ನನ್ನ ಕಡೆ ತಿರುಗಿ ಹೂ ಚಾಚಿ ಬಹಳ ಹೊತ್ತು ಮಾತಾಡಿದ.

ನಮ್ಮ ಪೀಟರನ ಕಿವಿ ಸೇಬಿನ ಬಣ್ಣಕ್ಕೆ ತಿರುಗಿತ್ತು. ಚೈತ್ರ ಎರಡು ದಿನದಲ್ಲಿ ಮೊದಲ ಸಲ ನನ್ನನ್ನು ನೋಡಿ ನಗು ತಡೆದುಕೊಳ್ಳುತ್ತಾ ಅನುವಾದ ಮಾಡಿದಳು. "ಶುಕ್ರವಾರದಿಂದ ಕುಡಿದಿಲ್ವಂತೆ ಅತ್ತೆ. ತಮ್ಮನ ಹತ್ರ ನೀರಿನ ವಿಷ್ಯ ರಾಜಿ ಮಾಡ್ಕೊಂಡ್ರಂತೆ, ನಿನ್ನೆ. ನಲವತ್ತು ಸಾಲು ಸೇಬಿದೆ. ನೀವು ಇಷ್ಟು ದೂರದಿಂದ ತನ್ನನ್ನ ವಿಚಾರಿಸ್ಕೊಂಡು ಬಂದಿದ್ದು ದೊಡ್ಡ ಮಾತು ಅಂತಾರೆ."

ನನ್ನ ಜನ್ಮದಲ್ಲಿ ನನಗೆ ಹೂ ಕೊಟ್ಟ ಮೊದಲ ಗಂಡಸು ಅವನು. ಕ್ಲೇಮು ವಿಭಾಗದಲ್ಲಿ ಎಂಥೆಂಥವರ ಮುಂದೆಯೂ ಮಾತಿಗೆ ತಡವರಿಸದವಳು, ಅವನ ಮುಂದೆ ತಡವರಿಸಿದೆ. "ಹೇಳು ಅವ್ರಿಗೆ, ತಪ್ಪು ನನ್ನದು. ಬೇರೆ ಪೀಟರ್‌ನ ಹುಡುಕ್ತಿದ್ದೆ, ಮನೆ ಗೊತ್ತಿಲ್ದೆ ಗೊತ್ತು ಅಂದ್ಬಿಟ್ಟೆ, ಕ್ಷಮಿಸ್ಬೇಕು ಅನ್ನು." ಆ ಮಾತು ಕೊನೆಗೂ ಹೊರಗೆ ಬಂದದ್ದು ಒಬ್ಬ ಅಪರಿಚಿತನ ಎದುರಿಗೆ.

ಅವನು ಪೂರ್ತಿ ಕೇಳಿಸಿಕೊಂಡ. ಹೂ ನೋಡಿದ. ಆಮೇಲೆ ಭುಜ ಕುಣಿಸಿ, ಹೂಗಳನ್ನು ನನ್ನ ಕೈಯಲ್ಲೇ ಇಟ್ಟು, ತಮ್ಮನ ಪಕ್ಕ ಹೋಗಿ ನಿಂತ.

ಮೇಲ್ಮನೆಯ ಅಡುಗೆಮನೆ

ಮೇಲ್ಮನೆಗೆ ಇಪ್ಪತ್ತು ನಿಮಿಷ ಹತ್ತಬೇಕು. ಬಾಗಿಲಲ್ಲೇ ಪೀಟರನ ಅಪ್ಪ, ಅಮ್ಮ, ಮತ್ತು ಎಂಬತ್ತೈದು ವರ್ಷದ ಅಜ್ಜಿ ನಿಂತಿದ್ದರು. ಅಜ್ಜಿ ನಮ್ಮನ್ನು ಸೀದಾ ಅಡುಗೆಮನೆಗೇ ಕರೆದುಕೊಂಡು ಹೋದಳು. ಪಾಲಕ್ ಸೊಪ್ಪು ಹಾಕಿದ ಬ್ರೆಡ್ಡಿನ ಉಂಡೆಗಳನ್ನು ಬೇಯಿಸಿ ಬೆಣ್ಣೆ ಸುರಿದಿದ್ದಳು, ನಮ್ಮ ನುಚ್ಚಿನುಂಡೆಯ ವಿದೇಶಿ ನೆಂಟ. ನಾನು ಚಾಕು ಎತ್ತಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಚಾಕು ಕಿತ್ತುಕೊಂಡಳು. ಚಾಕುವಿನಿಂದ ಕೊಯ್ದರೆ ಉಂಡೆ ಗಟ್ಟಿಯಾಗಿದೆ ಎಂದು ಅಡುಗೆಯವಳಿಗೆ ಅವಮಾನ ಮಾಡಿದ ಹಾಗಂತೆ, ಫೋರ್ಕಿನಲ್ಲಿ ಬಿಡಿಸಬೇಕು. ಮುದ್ದೆಯನ್ನು ಅಗಿದವರನ್ನು ನಾವು ನೋಡುವ ನೋಟವೇ ಅದು. ನನಗೆ ಆ ಮುದುಕಿ ಅಲ್ಲೇ ಇಷ್ಟವಾದಳು.

ಊಟದ ನಡುವೆ ಅಜ್ಜಿ ತನ್ನ ಕಥೆ ಹೇಳಿದಳು, ಪೀಟರ್ ಇಂಗ್ಲಿಷಿಗೆ ತಂದ. ಹುಟ್ಟಿದಾಗ ಈ ಮನೆ ಚಕ್ರವರ್ತಿಯ ಸೀಮೆಯಲ್ಲಿತ್ತು. ನಡೆಯಲು ಕಲಿತಾಗ ಇಟಲಿಗೆ ಸೇರಿತ್ತು. ಶಾಲೆಯ ಮೂರನೆಯ ತರಗತಿಗೆ ಹೋದರೆ ಮೇಷ್ಟ್ರು ಬದಲಾಗಿದ್ದರು, ಭಾಷೆ ಬದಲಾಗಿತ್ತು, ಯೊಹಾನ್ನ ಎಂಬ ಇವಳ ಹೆಸರೂ ಬದಲಾಗಿ ಜೊವಾನ್ನಾ ಆಗಿತ್ತು. ಜರ್ಮನ್ ಅಕ್ಷರಗಳನ್ನು ದನದ ಕೊಟ್ಟಿಗೆಯಲ್ಲಿ ಕದ್ದು ಕಲಿತಳು. ಯಾರಾದರೂ ಬಂದರೆ ಪುಸ್ತಕ ಹುಲ್ಲಿನೊಳಗೆ, ಹೆಣಿಗೆ ಕೈಗೆ. "ಇದೇ ಒಲೆಗೆ ಸೌದೆ ಹಾಕುತ್ತಾ ಹಾಕುತ್ತಾ ಎರಡು ದೇಶ ಕಂಡೆ" ಎಂದಳು.

ನಾನು ನನ್ನ ಅಜ್ಜಿಯ ಬಗ್ಗೆ ಹೇಳಿದೆ. ಹಲಸೂರು ಆಗ ಇಂಗ್ಲಿಷರ ಆಡಳಿತ, ಪೇಟೆ ಮೈಸೂರು ಮಹಾರಾಜರದು. ಅಜ್ಜಿ ಚಿಕ್ಕಪೇಟೆಗೆ ಸೀರೆ ತರಲು ಹೊರಟರೆ "ಮೈಸೂರು ಸೀಮೆಗೆ ಹೋಗ್ಬರ್ತೀನಿ" ಎನ್ನುತ್ತಿದ್ದಳು. ಸ್ವಾತಂತ್ರ್ಯ ಬಂದ ವರ್ಷ ಎರಡೂ ಒಂದಾದ ಮೇಲೂ ಹಾಗೇ ಅನ್ನುತ್ತಿದ್ದಳು. ಯೊಹಾನ್ನ ಅಜ್ಜಿ ಇದನ್ನು ಕೇಳಿ, ಮೇಜಿನ ಆಚೆಯಿಂದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. ಇಪ್ಪತ್ತೇಳು ವರ್ಷ ಜನರನ್ನು ವಿಚಾರಿಸಿದ ನನಗೆ ಇದಕ್ಕಿಂತ ಹೆಚ್ಚು ವಿಚಾರಿಸಬೇಕು ಎನಿಸಲಿಲ್ಲ. ಅಣ್ಣನ ಪಟ್ಟಿ ಬ್ಯಾಗಿನಲ್ಲೇ ಉಳಿಯಿತು.

ಎದ್ದು ನಿಂತು ಫೋನು ಕೇಳಿದೆ. ಫೋನು ಅಡುಗೆಮನೆಯ ಗೋಡೆಯ ಮೇಲೇ ಇತ್ತು. ಆರು ಜನರ ಎದುರಿಗೆ ಮಾತಾಡಬೇಕಾಯಿತು.

"ಅಣ್ಣ, ನಾನು ವನಜ. ನಾನು ತಪ್ಪು ಮಾಡಿದೆ. ಬೇರೆ ಯಾರದೋ ಮನೆ ನೋಡಿ ಬೇಡ ಅಂದೆ."

"ನೀನಾ? ತಪ್ಪಾ?" ಎಂದ ಅಣ್ಣ. "ಕಮಲ, ಚೈತ್ರ ಸೇರಿ ನಿನ್ನ ತಲೆ ತಿರುಗಿಸಿದಾರೆ. ಅಕ್ಕಪಕ್ಕದೋರು ಹೇಳಿದ್ದು ಹೇಳಿದ್ದೇ. ಎರಡನೇ ಸಲ ಕೇಳಲ್ಲ ಅಂದಿದ್ದೆ ತಾನೆ?"

ನಾನು ಯೋಚಿಸದೆ ಇದ್ದ ಮಾತು ಬಾಯಿಗೆ ಬಂತು.

"ಅಣ್ಣ, ಆ ಚಿಕ್ಕಬಳ್ಳಾಪುರದೋರು ನೆನಪಿದಾರಾ? ನನ್ನ ನೋಡಕ್ಕೆ ಬರ್ತೀವಿ ಅಂದಿದ್ರಲ್ಲ. ಅಮ್ಮ ಉಪ್ಪಿಟ್ಟು ಮಾಡಿ ಇಟ್ಟಿದ್ಲು. ನಾನು ಮೈಸೂರು ಸಿಲ್ಕ್ ಉಟ್ಕೊಂಡು ಸಾಯಂಕಾಲದ ತನಕ ಕೂತಿದ್ದೆ. ಅವ್ರು ನಮ್ಮ ಬೀದಿ ಕೊನೆ ಅಂಗಡೀಲಿ ವಿಚಾರಿಸಿ, ಹುಡುಗಿಗೆ ಬಾಯಿ ಜೋರು ಅಂತ ಕೇಳ್ಕೊಂಡು, ಅಲ್ಲಿಂದಲೇ ವಾಪಸ್ ಹೋಗ್ಬಿಟ್ರು. ಅಂಗಡಿಯೋನು ಸುಳ್ಳೇನೂ ಹೇಳ್ಲಿಲ್ಲ ಬಿಡು. ಆದ್ರೆ ಮೂವತ್ತು ಹೆಜ್ಜೆ ನಡೆದು ಒಳಗೆ ಬಂದಿದ್ರೆ, ನನ್ನನ್ನ ನೋಡ್ತಿದ್ರು. ಶುಕ್ರವಾರ ನಾನೂ ಅವ್ರ ಥರಾನೇ ಅಂಗಡಿಯಿಂದ ವಾಪಸ್ ಬಂದೆ. ಇವತ್ತು ಒಳಗೆ ಬಂದಿದೀನಿ. ಇಲ್ಲೇ ಅಡುಗೆಮನೇಲಿ ನಿಂತಿದೀನಿ. ಮನೆ ಚೆನ್ನಾಗಿದೆ ಅಣ್ಣ. ಜನ ಚೆನ್ನಾಗಿದಾರೆ."

ಅಡುಗೆಮನೆಯಲ್ಲಿ ಕನ್ನಡ ಬಾರದವರೂ ಫೋರ್ಕು ಕೆಳಗಿಟ್ಟಿದ್ದರು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಚೈತ್ರ ಬಂದು ನನ್ನ ಪಕ್ಕದಲ್ಲಿ ನಿಂತಳು.

ಫೋನಿನಲ್ಲಿ ಅಣ್ಣ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಅವ್ರು ನಮ್ಮ ಮನೆ ನೋಡಕ್ಕೆ ಯಾವಾಗ ಬರ್ತಾರೆ, ಕೇಳು" ಎಂದ. ಆಮೇಲೆ, ನಾನು ಅಜ್ಜಿಯ ಕಡೆ ತಿರುಗುವುದರೊಳಗೆ, ಮತ್ತೆ ಹೇಳಿದ: "ಬೀದೀಲಿ ಯಾರನ್ನೂ ಕೇಳ್ಬೇಡಿ ಅನ್ನು ವನಜ. ನೇರವಾಗಿ ಒಳಗೇ ಬರ್ಲಿ."